ನಾಲ್ಕು ಸೀಸೆ ಮಾದಪ್ಪಂದಿರು

…ಅಥವಾ ನಾಲ್ವರಲ್ಲ, ಮೂವರೇ ಇದ್ದರೇನೋ. ಹೇಳಿದಷ್ಟು ಸಲವೂ ಆ ಬೆಂಚಿನ ಮೇಲೆ ಒಬ್ಬೊಬ್ಬ ಹೆಚ್ಚುತ್ತ ಹೋಗುತ್ತಾನೆ. ಇನ್ನೂ ಗುಂಪಾಗುವ ಮುಂಚೆ ಬರೆದಿಡುವುದು ವಾಸಿ. ಉಳಿದದ್ದೆಲ್ಲ ಹೇಗೋ ಏನೋ, ಉರಿಯಂತೂ ಸುಳ್ಳಲ್ಲ.

ನಾನಾಗ ಕೊಳ್ಳೇಗಾಲದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕಾಮಗೆರೆಯ ಹೆಣ್ಣು ಗೊತ್ತಾಗಿ ಮದುವೆಗೆ ಮೂರು ವಾರ ಉಳಿದಿತ್ತು. ಆಗ ಶುರುವಾಯಿತು. ಮೂತ್ರಕ್ಕೆ ಹೋದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಬಂದು ಕೂತರೆ ಮತ್ತೆ ಹೋಗಬೇಕು. ಹೋದರೆ ನಾಲ್ಕೇ ಹನಿ. "ಉಷ್ಣ ಕಣಯ್ಯ, ನೆತ್ತಿಗೆ ಹರಳೆಣ್ಣೆ ಒತ್ತು" ಎಂದರು ಪಕ್ಕದ ಮೇಜಿನವರು. ಒತ್ತಿದೆ. ನೆತ್ತಿ ತಣ್ಣಗಾಯಿತು. ಉರಿ ಅಲ್ಲಿರಲಿಲ್ಲವಲ್ಲ! ನನ್ನ ತಲೆಯಲ್ಲಿ ಕೂತದ್ದು ಮೇಹರೋಗ, ಹಾದರದಿಂದ ಅಂಟುವ ಆ ಕೆಟ್ಟ ಕಾಯಿಲೆ. ನಾನು ಮಾಡಿದ ಪಾಪ ಒಂದೇ, ಹಿಂದಿನ ತಿಂಗಳು ಹೋಟೆಲಿನ ಬಚ್ಚಲಲ್ಲಿ ಯಾರದೋ ಪಂಚೆ ಸುತ್ತಿಕೊಂಡದ್ದು. ಪಂಚೆಯಿಂದ ಅದು ಬರುವುದಿಲ್ಲವೆಂದು ಆಗ ನನಗೆ ಯಾರು ಹೇಳಬೇಕು?

ಊರಿನ ಡಾಕ್ಟರಿಗೆ ತೋರಿಸಿದರೆ ಸಂಜೆಯೊಳಗೆ ಸುದ್ದಿ ಕಾಮಗೆರೆ ಮುಟ್ಟುತ್ತದೆ. ಯಳಂದೂರು ಮೈಸೂರು ಸೀಮೆ, ನಾವಾಗ ಮದರಾಸು ಪ್ರಾಂತ್ಯದವರು. ಗಡಿಯಾಚೆ ನನ್ನನ್ನು ಬಲ್ಲವರಿಲ್ಲ. ಮೂತ್ರದ ಸೀಸೆಯೊಂದನ್ನು ಪಂಚೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಈ ಸಲ ನನ್ನದೇ ಪಂಚೆ.

ಅಲ್ಲಿನ ಆಸ್ಪತ್ರೆಯ ಕಾಂಪೌಂಡರು ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಮಾದಪ್ಪ. ನಮ್ಮ ಕಡೆ ಬೆಟ್ಟದ ದೇವರ ಹೆಸರಿಲ್ಲದ ಮನೆಯೇ ಇಲ್ಲ. ಸುಳ್ಳು ಹೇಳುವವನಿಗೆ ಅದಕ್ಕಿಂತ ಒಳ್ಳೆಯ ಮರೆ ಯಾವುದು? ಚೀಟಿಯಲ್ಲಿ ಬರೆದು ಸೀಸೆಗೆ ಅಂಟಿಸಿದ. ಮಧ್ಯಾಹ್ನ ಬಾಗಿಲಿಗೆ ಬಂದು "ಮಾದಪ್ಪಾ!" ಎಂದು ಕೂಗಿದ. ಬೆಂಚಿನಿಂದ ನಾಲ್ವರು ಎದ್ದೆವು.

"ಇದೇನ್ರಪ್ಪಾ! ನಿಜವಾದ ಮಾದಪ್ಪ ಯಾರು?"

ಹಣ್ಣುಗೂದಲಿನವನೊಬ್ಬ, "ನಾನಂತೂ ಅಲ್ಲ ಸಾ" ಎಂದ. ಉಳಿದವರೂ ತಲೆ ತಗ್ಗಿಸಿದೆವು.

"ಗಡಿ ದಾಟ್ತಿದ್ದಂಗೆ ಎಲ್ರೂ ಮಾದಪ್ಪ ಆಗ್ಬುಡ್ತೀರಲ್ರೋ!" ಎಂದ ಕಾಂಪೌಂಡರು.

ಡಾಕ್ಟರು ಹೊರಬಂದರು. "ಒಬ್ಬರಿಗೆ ಸೂಜಿ ಬೇಕು, ಉಳಿದವರಿಗೆ ಬೇಡ. ತಪ್ಪು ಮಾದಪ್ಪನಿಗೆ ಚುಚ್ಚಲೇ? ಎಲ್ಲರೂ ಇನ್ನೊಂದು ಸಲ ಕೊಡಿ. ಒಬ್ಬೊಬ್ಬರೇ ಒಳಗೆ ಬಂದು ನಿಜವಾದ ಹೆಸರು ಹೇಳಿ."

ಆಗಲೇ ಬರಿದಾಗಿದ್ದ ನಾವು ಹೊಂಗೆಮರದಡಿ ಸಾಲಾಗಿ ಕೂತು ಗುಡಾಣದ ನೀರು ಕುಡಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೂಜಿ ನನಗೇ ಎಂದು ನಾನು ಆಗಲೇ ತೀರ್ಮಾನಿಸಿ, ಕಾಮಗೆರೆಗೆ ಬರೆಯಬೇಕಾದ ಕಾಗದದ ಮೊದಲ ಸಾಲನ್ನೂ ಕಟ್ಟಿದ್ದೆ.

ನನ್ನ ಸರದಿ ಬಂದಾಗ ಡಾಕ್ಟರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, "ಕೀವಿದೆ, ಆದರೆ ಆ ರೋಗವಲ್ಲ. ಕಚೇರಿಯಲ್ಲಿ ಮೂತ್ರ ತಡೆದುಕೊಂಡು ಕೂರ್ತೀರೇನ್ರೀ?" ಎಂದರು.

"ಹೆಡ್ ಗುಮಾಸ್ತರ ಮುಂದೆ ಹಾದು ಹೋಗಬೇಕು ಸಾರ್."

"ಹಾದು ಹೋಗಿ. ಈ ಸಲ್ಫಾ ಮಾತ್ರೆ ಮುಗಿಯುವ ತನಕ ನುಂಗಿ. ಬಿಂದಿಗೆಗಟ್ಟಲೆ ನೀರು ಕುಡಿಯಿರಿ."

ಪರದೆಯ ಈಚೆ ಮಾತ್ರೆ ಕಟ್ಟಿಸಿಕೊಳ್ಳುತ್ತಿದ್ದೆ. ನನ್ನ ಹಿಂದೆ ಒಳಹೋದ ಇನ್ನೊಬ್ಬ ಮಾದಪ್ಪ, ಲೊಕ್ಕನಹಳ್ಳಿಯ ಗಾಡಿಯವನ ದನಿ ಕೇಳಿಸಿತು. "ಎಂಡ್ತಿನ್ಯಾಕೆ ಕರ್ಕಂಬರ್ಬೇಕು ಸಾ? ಅವ್ಳಿಗೇನೂ ಆಗಿಲ್ಲ."

"ಆಗಿದ್ದರೂ ಹೆಂಗಸರಿಗೆ ಗೊತ್ತಾಗದೇ ಇರಬಹುದು. ಒಳಗೇ ಕೆಡುತ್ತದೆ, ಮಕ್ಕಳಾಗದೇ ಹೋಗಬಹುದು. ನಿನ್ನೊಬ್ಬನಿಗೆ ಪೆನ್ಸಿಲಿನ್ ಕೊಟ್ಟರೆ ಅವಳಿಂದ ನಿನಗೆ ತಿರುಗಿ ಬರುತ್ತದೆ."

"ಏನಂತ ಯೋಳಿ ಕರ್ಕಂಬರ್ಲಿ ಸಾ?"

ಡಾಕ್ಟರು ಏನೆಂದರೋ ತಿಳಿಯದು. ಕೊಳ್ಳೇಗಾಲದ ಬಸ್ಸು ಹಾರನ್ ಹೊಡೆಯಿತು. ಆ ರೋಗ ನನಗಿಲ್ಲವೆಂಬ ಸಂತೋಷದಲ್ಲಿ ನಾನು ಮದುಮಗನಿಗೆ ತಕ್ಕ ಓಟವನ್ನೇ ಓಡಿದೆ. ಅವನು ಹೆಂಡತಿಯನ್ನು ಕರೆತಂದನೋ ಇಲ್ಲವೋ, ನನಗೆ ಗೊತ್ತಿಲ್ಲ.