ಸವೆಯದ ಗ್ರೈಂಡರೂ ನಮ್ಮ ಮಾವನೂ

ನಮ್ಮ ಸೋದರಮಾವನಿಗೆ ದೇವರಲ್ಲಿ ಅಪಾರ ನಂಬಿಕೆ. ಆದರೂ ಕೆಂಗಲ್ ಆಂಜನೇಯನ ದರ್ಶನಕ್ಕೆ ಹೋದಾಗ ಕಳ್ಳರಿಗೆ ಜೋಡಿ ಸಿಗಬಾರದೆಂದು ಒಂದು ಚಪ್ಪಲಿಯನ್ನು ಗುಡಿಯ ಬಲಕ್ಕೂ ಇನ್ನೊಂದನ್ನು ಎಡಕ್ಕೂ ಬಿಟ್ಟೇ ಒಳಗೆ ಹೋಗುತ್ತಾರೆ! ದೇವರ ಸನ್ನಿಧಿಯಲ್ಲೇ ಹೀಗಾದರೆ ತೆರಿಗೆಯವರ ಪಾಡೇನು?

ಚನ್ನಪಟ್ಟಣದಲ್ಲಿ ಅವರದೊಂದು ಹೋಟೆಲು. ಒಮ್ಮೆ ಕನ್ನಡಕದವರೊಬ್ಬರು ಬಂದು, ಇಡ್ಲಿ ತಿಂದು, ಅಡುಗೆಮನೆಯತ್ತ ಇಣುಕಿದರಂತೆ. ತೆರಿಗೆ ಇಲಾಖೆಯವರೇ ಸರಿ ಎಂದು ಮಾವ ಪಕ್ಕದಲ್ಲಿ ಕೂತು, ವ್ಯಾಪಾರ ಹೇಗೆ ಬಿದ್ದುಹೋಗಿದೆ ಎಂದು ಗೋಳು ತೋಡಿಕೊಂಡರು. ಎಲ್ಲ ಕೇಳಿದ ಆತ, "ಅದ್ಸರಿ ಯಜಮಾನ್ರೆ, ಕೆಟ್ಟಿರೋ ಮಿಕ್ಸಿ ಎಲ್ಲೈತೆ?" ಎಂದರು. ರಿಪೇರಿಗೆಂದು ಮಾಗಡಿಯಿಂದ ಮಾವನೇ ಕರೆಸಿದ್ದವರು!

ನಾನು ರಾಮನಗರದಲ್ಲಿ ಆಡಿಟರೊಬ್ಬರ ಬಳಿ ಕೆಲಸ ಮಾಡುವವಳು. ಹಾಗಾಗಿ ಮಾವನ ಆದಾಯ ತೆರಿಗೆ ನನ್ನ ತಲೆಗೇ. ಈ ಸಲ ಚೀಲದ ತುಂಬ ಬಿಲ್ಲು ಹೊತ್ತು ಮನೆಗೆ ಬಂದವರು ಮೊದಲು ನಮ್ಮ ಕಿಟಕಿ ಮುಚ್ಚಿದರು. ವ್ಯಾಪಾರದ ಹಣದಲ್ಲಿ ಬಾಡಿಗೆ, ಸಂಬಳ, ಗ್ಯಾಸು, ದಿನಸಿ ಕಳೆದರೆ ಉಳಿಯುವುದೇ ಆದಾಯ, ಮನೆಯ ಖರ್ಚನ್ನು ಮಾತ್ರ ಕಳೆಯುವಂತಿಲ್ಲ ಎಂದು ವಿವರಿಸಿದೆ. ತಾವು ಮೂರು ಹೊತ್ತೂ ಹೋಟೆಲಿನಲ್ಲೇ ತಿನ್ನುವುದರಿಂದ ತಮ್ಮ ಹೊಟ್ಟೆ ಮನೆಯದೋ ವ್ಯಾಪಾರದ್ದೋ ಎಂದು ಕೇಳಿದರು. ಇದಕ್ಕೆ ಯಾವ ಕಾಯಿದೆಯಲ್ಲಿ ಉತ್ತರವಿದೆ?

ಗ್ರೈಂಡರು ವರ್ಷ ವರ್ಷ ಹಳೆಯದಾಗುತ್ತದಲ್ಲ, ಆ ಸವಕಳಿಯ ಲೆಕ್ಕದಲ್ಲೂ ಒಂದಿಷ್ಟು ಕಳೆಯಬಹುದು ಎಂದೆ. ಮಾವನ ಮುಖ ಬಿಗಿಯಿತು.

"ಕಲ್ಲು ಸವೀತು ಅಂದ್ರೆ ಹಿಟ್ಗೆ ಕಲ್ಲು ಸೇರ್ತು ಅಂತಾನೇ ಅರ್ಥ. ಎದುರುಗಡೆ ಹೋಟ್ಲೋನು ಹೇಳ್ಕೊಟ್ನಾ ನಿಂಗೆ?"

ನನ್ನನ್ನೇ ಎದುರಿನವರ ಗೂಢಚಾರಳೆಂಬಂತೆ ನೋಡುತ್ತಿದ್ದವರನ್ನು ಸಮಾಧಾನಪಡಿಸಲು ಇನ್ನೊಂದು ವಿಷಯ ತೆಗೆದೆ. ಮಾವನ ಜೊತೆಗೇ ಇರುವ ಅವರ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಪೋಲಿಯೋದಿಂದ ಎರಡೂ ಕಾಲಿನ ಶಕ್ತಿ ಕಳೆದುಕೊಂಡವರು. ಅಂಥ ಅವಲಂಬಿತರನ್ನು ಸಾಕುವವರಿಗೆ ತೆರಿಗೆಯಲ್ಲಿ ದೊಡ್ಡ ರಿಯಾಯಿತಿಯೇ ಇದೆ. ಒಂದು ಎಸಳು ಕೊತ್ತಂಬರಿಯನ್ನೂ ಬಿಟ್ಟುಕೊಡದ ಮನುಷ್ಯ ಇದನ್ನು ಕೇಳಿ ಕುಣಿದಾಡುತ್ತಾರೆ ಎಂದುಕೊಂಡಿದ್ದೆ.

ಮಾವ ಬಿಲ್ಲಿನ ಚೀಲವನ್ನು ಪಕ್ಕಕ್ಕೆ ಸರಿಸಿದರು.

"ಅವ್ಳು ನನ್ ಆಸರೇಲಿ ಅವ್ಳೆ ಅಂತ ಬರೀಬ್ಯಾಡ ಕಣವ್ವ," ಎಂದರು ಮೆಲ್ಲಗೆ. "ಕೂತ್ಕೊಂಡೇ ಅಷ್ಟೂ ಸಾರು, ಅಷ್ಟೂ ಚಟ್ನಿ ಮಾಡೋಳು ಅವ್ಳು. ಜನ ಬರಾದೇ ಅದುಕ್ಕೆ. ನಾನೇ ಅವಳ ಆಸರೇಲಿ ಇವ್ನಿ. ಸಂಬಳದಾಗೆ ಬರ್ಕೊ. ತಿಂಗ್ಳಾ ತಿಂಗ್ಳಾ ಮೊದ್ಲು ಅವಳ ಬ್ಯಾಂಕಿಗೇ ಹಾಕಾದು."

ಸಂಬಳದ ಸಾಲಿನಲ್ಲಿ ಚಿಕ್ಕಮ್ಮನ ಹೆಸರು ಬರೆದು, ಮುಂದೆ 'ಸಹಾಯಕಿ' ಎಂದು ಸೇರಿಸಿದೆ. ಬಗ್ಗಿ ನೋಡಿದ ಮಾವ ಅದನ್ನು ಹೊಡೆದುಹಾಕಿಸಿ, 'ಮುಖ್ಯ ಅಡುಗೆಯವರು' ಎಂದು ಬರೆಸಿದರು.