ಬ್ರೆಡ್ಡಿನ ಬೊಂಬೆಯೂ ಮಹಡಿಯ ಬಾಡಿಗೆದಾರನೂ

ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡುವುದಾದರೆ ಸ್ವಲ್ಪವಾದರೂ ಸುಳ್ಳು ಹೇಳಲು ಬರುವವನಿಗೆ ಕೊಡಿ. ಇದು ಆನ್ಸೆಲ್ಮೊನ, ಅಂದರೆ ನನ್ನ, ಅನುಭವದ ಮಾತು. ಡೆನ್ಮಾರ್ಕಿನಿಂದ ನಮ್ಮ ಮೆಕ್ಸಿಕೊ ನಗರಕ್ಕೆ ಕೆಲಸಕ್ಕೆ ಬಂದಿಳಿದ ಯೆಸ್ಪರ್ ಎಂಬ ಎಂಜಿನಿಯರನಿಗೆ ಆ ವಿದ್ಯೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಿತ್ತು.

ಹೊಸದರಲ್ಲಿ ಅವನು ಪಟ್ಟ ಪಾಡು ಹೇಳತೀರದು. ಏಳಕ್ಕೆ ಊಟಕ್ಕೆ ಬಾ ಎಂದರೆ ಏಳಕ್ಕೇ ಬಂದುಬಿಡುತ್ತಿದ್ದ (ನಾನಿನ್ನೂ ಬಚ್ಚಲಲ್ಲಿ). ಕಸದ ಗಾಡಿಯ ಗಂಟೆ ಕೇಳಿದರೆ ಎಲ್ಲೋ ಬೆಂಕಿ ಬಿದ್ದಿದೆಯೆಂದು ಪಾಸ್‌ಪೋರ್ಟ್ ಹಿಡಿದುಕೊಂಡು ಬೀದಿಗೆ ಓಡುತ್ತಿದ್ದ. ವಿಷಯ ತಿಳಿದ ಮೇಲೂ ಓಡುವುದನ್ನು ಬಿಡಲಿಲ್ಲ. ಪಾಸ್‌ಪೋರ್ಟಿನ ಬದಲು ನಮ್ಮನೆ ಕಸ ಒಯ್ಯತೊಡಗಿದ. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

"ನೋಡಿ ಕಲೀರಿ," ಎಂದಳು ನನ್ನ ಧರ್ಮಪತ್ನಿ ಓರ್ಟೆನ್ಸಿಯ. "ಪಾಪ, ತಾಯೀನ ಬಿಟ್ಟು ಬಂದಿರೋ ಹುಡುಗ. ಆದ್ರೂ ಕಸ ಚೆಲ್ತಾನೆ."

"ನಾನೂ ತಾಯೀನ ಬಿಟ್ಟೇ ನಿಮ್ಮನೆಗೆ ಬಂದಿದ್ದು ಕಣೆ."

"ಬಂದ್ರಿ. ಕಸ ಮಾತ್ರ ಚೆಲ್ಲಲಿಲ್ಲ," ಎಂದರು ಅತ್ತೆ ಲಿಬ್ರಾದಾ. ಮನೆ ಅವರದು, ಆದ್ದರಿಂದ ಕೊನೆಯ ಮಾತೂ ಅವರದೇ.

ಹೀಗಿರುವಾಗ ಜನವರಿಯ ಮೂವರು ಅರಸರ ಹಬ್ಬ ಬಂತು. ಬಳೆಯಾಕಾರದ ದೊಡ್ಡ ಸಿಹಿ ಬ್ರೆಡ್ಡು, ಒಳಗೊಂದು ಪುಟಾಣಿ ಬಾಲಯೇಸುವಿನ ಬೊಂಬೆ. ಬೊಂಬೆ ಯಾರ ಪಾಲಿಗೆ ಬರುತ್ತದೋ ಅವರು ಫೆಬ್ರವರಿಯ ಕಾಂದೆಲಾರಿಯ ಹಬ್ಬಕ್ಕೆ ಇಡೀ ವಠಾರಕ್ಕೆ ತಮಾಲೆ ಮಾಡಿ ಬಡಿಸಬೇಕು. ಮೆಕ್ಕೆಜೋಳದ ಹಿಟ್ಟು ನಾದಿ, ಸಿಪ್ಪೆಯಲ್ಲಿ ಸುತ್ತಿ, ಕಡುಬಿನಂತೆ ಹಬೆಯಲ್ಲಿ ಬೇಯಿಸುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಆದ್ದರಿಂದ ಬೊಂಬೆ ಸಿಕ್ಕ ಯಾವ ಮರ್ಯಾದಸ್ಥನೂ ಬಾಯಿ ಬಿಡುವುದಿಲ್ಲ. ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾನೆ. ತೀರಾ ಕಷ್ಟಕ್ಕೆ ಬಂದರೆ ನುಂಗುತ್ತಾನೆ. ನಾನು ಎರಡನ್ನೂ ಮಾಡಿದ್ದೇನೆಂದು ಅತ್ತೆಯವರ ಆರೋಪ (ಸಾಬೀತಾಗಿಲ್ಲ).

ಓರ್ಟೆನ್ಸಿಯ ಚಾಕು ಹಿಡಿದುಕೊಂಡೇ ಹೇಳಿದಳು: "ಈ ಸಲ ಬೊಂಬೆ ಬಚ್ಚಿಟ್ರೋ, ಶನಿವಾರದ ಡೊಮಿನೊ ಆಟ ಮರ್ತುಬಿಡಿ. ಹೊಸ್ತಿಲು ದಾಟೋಕೆ ಬಿಡಲ್ಲ."

ಶನಿವಾರದ ಡೊಮಿನೊ! ನಾನು ವಾರವಿಡೀ ಉಸಿರಾಡುವುದೇ ಅದಕ್ಕಾಗಿ. ಮೂಲೆಯ ಪಾನಶಾಲೆ, ನಾನೂ ಸೇರಿ ನಾಲ್ವರು ಗೆಳೆಯರ ಮೇಜು. ಈ ಭೂಮಂಡಲದಲ್ಲಿ ನನ್ನ ಮಾತಿಗೆ ತಲೆದೂಗುವವರು ಇರುವುದು ಅಲ್ಲಿ ಮಾತ್ರ.

ಮೊದಲ ತುತ್ತಿಗೇ ಹಲ್ಲಿಗೆ ಏನೋ ಕಟಕ್ಕೆಂದಿತು.

"ಎಲ್ರೂ ಬಾಯಿ ತೆಗೀರಿ!" ಅತ್ತೆಯವರ ರಾಜಾಜ್ಞೆ. "ಅಳಿಯಂದ್ರಿಂದಾನೇ ಶುರುವಾಗ್ಲಿ."

ಕೆಮ್ಮು ಬರಿಸಿಕೊಂಡೆ. ಬಾಯಿಗೆ ಕೈ ಅಡ್ಡ ಹಿಡಿದೆ. ಬೊಂಬೆ ಅಂಗೈಗೆ ಬಂತು. ಪಕ್ಕದಲ್ಲಿ ಯೆಸ್ಪರ್ ಬಿಸಿ ಚಾಕೊಲೇಟನ್ನು ಉಫ್ ಉಫ್ ಎಂದು ಊದುತ್ತಿದ್ದ. ಅವನ ತಟ್ಟೆಯ ಬ್ರೆಡ್ಡಿನೊಳಕ್ಕೆ ಹೆಬ್ಬೆರಳಿನಿಂದ ಬೊಂಬೆಯನ್ನು ಒತ್ತಿ, ನಿರ್ಮಲ ಮನಸ್ಸಿನಿಂದ ಬಾಯಿ ತೆರೆದು ತೋರಿಸಿದೆ.

ಸ್ವಲ್ಪ ಹೊತ್ತಿಗೆ ಯೆಸ್ಪರ್ ಬ್ರೆಡ್ಡು ಮುರಿದ. ಬೊಂಬೆಯನ್ನು ನೋಡಿದ. ನನ್ನನ್ನು ನೋಡಿದ. ಕಣ್ಣು ತುಂಬಿ ಬಂತು.

"ಇದು ನನಗೆ ದೊರೆತ ಮಹಾಗೌರವವು," ಎಂದ. (ನಮ್ಮ ಭಾಷೆಯನ್ನು ಅವನು ಕಲಿತದ್ದು ಪುಸ್ತಕದಿಂದ.)

ಫೆಬ್ರವರಿಯಲ್ಲಿ ಅವನು ಆಫೀಸಿಗೆ ರಜೆ ಹಾಕಿ ಒಬ್ಬನೇ ಹಿಟ್ಟು ನಾದಿದ. ನಾನು ಆರಾಮಕುರ್ಚಿಯಲ್ಲಿ ಕೂತು, ಹೇಗೆ ನಾದಬೇಕೆಂದು ಸಲಹೆ ಕೊಟ್ಟೆ. ಹಬ್ಬದ ದಿನ ಅಂಗಳದಲ್ಲಿ ವಠಾರವೇ ನೆರೆಯಿತು. ತಮಾಲೆಯೊಳಗೆ ಅವನು ಮಾಂಸದ ಬದಲು ತಮ್ಮೂರಿನ ಉಪ್ಪುಮೀನು ತುಂಬಿದ್ದ. ನಮ್ಮ ಜನ ಸಂಭಾವಿತರು. "ಆಹಾ, ಎಷ್ಟು ಚೆನ್ನಾಗಿದೆ" ಎನ್ನುತ್ತ ಬೆಕ್ಕನ್ನು ಹುಡುಕಿದರು.

ಆಗ ಯೆಸ್ಪರ್ ಎದ್ದು ನಿಂತ.

"ಮಾನ್ಯರೇ, ನಾನು ಈ ನಗರಕ್ಕೆ ಬಂದಾಗ ನನಗೆ ಯಾರೂ ಇರಲಿಲ್ಲ. ಈ ಗೌರವವೂ ವಾಸ್ತವವಾಗಿ ನನ್ನದಲ್ಲ. ಬೊಂಬೆಯು ಶ್ರೀಮಾನ್ ಆನ್ಸೆಲ್ಮೊ ಅವರ ಬಾಯಿಯಲ್ಲಿತ್ತು. ಅವರು ಅದನ್ನು ಹೊರತೆಗೆದು, ಒರೆಸಿ, ರಹಸ್ಯವಾಗಿ ನನ್ನ ಬ್ರೆಡ್ಡಿನಲ್ಲಿ ಇರಿಸಿದರು. ನಾನು ಕಣ್ಣಾರೆ ಕಂಡೆನು. ಪರದೇಶಿಯೊಬ್ಬನಿಗಾಗಿ ಇಂತಹ ತ್ಯಾಗವನ್ನು ಹೆತ್ತ ತಂದೆಯೂ ಮಾಡಲಾರನು!"

(ಒರೆಸಿರಲಿಲ್ಲ. ಅದೊಂದು ಅವನ ಸೌಜನ್ಯ.)

ಅವನು ನನ್ನನ್ನು ಬಾಚಿ ತಬ್ಬಿಕೊಂಡ. ಅವನ ಹೆಗಲ ಮೇಲಿಂದ ನನಗೆ ಓರ್ಟೆನ್ಸಿಯಳ ಮುಖ ಕಾಣಿಸಿತು. ಕಾಣಿಸದಿದ್ದರೆ ಚೆನ್ನಾಗಿತ್ತು.

"ನೋಡಿದ್ಯೇನೆ ನಿನ್ನ ಗಂಡನ ತ್ಯಾಗಾನ?" ಎಂದರು ಅತ್ತೆ, ಉಪ್ಪುಮೀನನ್ನು ಪಕ್ಕಕ್ಕೆ ಸರಿಸುತ್ತ. "ಬಾಯಿಗೆ ರುಚಿಯಾದ ತಮಾಲೆ ತಿಂದು ಎಷ್ಟು ದಿನ ಆಯ್ತೋ. ಶನಿವಾರ ಶನಿವಾರ ಅಳಿಯಂದ್ರೇ ಮಾಡ್ಲಿ."

ಶನಿವಾರ ಸಂಜೆ ಗೆಳೆಯರು ಬಾಗಿಲಿಗೆ ಬಂದರು. ಮೊಣಕೈವರೆಗೂ ಹಿಟ್ಟಿನಲ್ಲಿದ್ದ ನನಗೆ ಒಳಗಿನಿಂದಲೇ ಎಲ್ಲ ಕೇಳಿಸುತ್ತಿತ್ತು.

"ಅವರು ಬರಲ್ಲಪ್ಪ, ಹಿಟ್ಟು ನಾದ್ತಿದಾರೆ," ಎಂದಳು ಓರ್ಟೆನ್ಸಿಯ. "ನಾಲ್ಕನೆಯವರು ಬೇಕಾದ್ರೆ ಯೆಸ್ಪರನ್ನ ಕರ್ಕೊಂಡು ಹೋಗಿ. ಪಾಪ, ಒಂಟಿ ಹುಡುಗ."

ನಾನು ಹಿಟ್ಟನ್ನು ಗುದ್ದಿ ಗುದ್ದಿ ನಾದಿದೆ. ರಾತ್ರಿ ಯೆಸ್ಪರ್ ಹಾಡು ಗುನುಗುತ್ತ ಮರಳಿ, ನೇರ ಅಡುಗೆಮನೆಗೆ ಬಂದು, ನನ್ನ ಹಿಟ್ಟಿನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ನಿಮ್ಮ ಆಸನದಲ್ಲಿ ಕುಳಿತು ಎಲ್ಲ ಆಟಗಳನ್ನೂ ಗೆದ್ದೆನು. ನಿಮ್ಮ ತ್ಯಾಗದ ಕಥೆಯನ್ನು ಕೇಳಿ ನಿಮ್ಮ ಸ್ನೇಹಿತರು ಬಹಳ ಸಂತೋಷಪಟ್ಟರು."

"ಏನಂದ್ರು?"

"ಆ ತ್ಯಾಗವು ಪ್ರತಿ ಶನಿವಾರವೂ ಹೀಗೆಯೇ ಮುಂದುವರಿಯಲಿ ಎಂದು ಹಾರೈಸಿದರು."