ಕೆಡದ ಕ್ಯಾಲ್ಕುಲೇಟರ್ ಕೆಟ್ಟಿದೆ ಎಂದು ಬರೆದುಕೊಡಲಾಗದ ಬಗ್ಗೆ

ಇಂದ:
ಜೆನಿವಾಲ್ದಾ ತೆನೋರಿಯೊ,
ಹಿರಿಯ ಗುಮಾಸ್ತೆ, ಕಂತು ವಿಭಾಗ (ಸದ್ಯ ಅಮಾನತಿನಲ್ಲಿ),
ಕಾಸಾ ಪಿತೊಂಬೇರಾ ಗೃಹೋಪಯೋಗಿ ಮಳಿಗೆ, ಕರುಆರು.

ಗೆ:
ಮುಖ್ಯಸ್ಥರು, ಯಂತ್ರ ದುರಸ್ತಿ ವಿಭಾಗ,
ಪ್ರಧಾನ ಕಚೇರಿ, ರೆಸೀಫೆ.

ವಿಷಯ: ನನ್ನ ಸುಪರ್ದಿಯಲ್ಲಿರುವ ಹಣಕಾಸು ಕ್ಯಾಲ್ಕುಲೇಟರಿನ ದೋಷಗಳನ್ನು ಹುಡುಕಿದ್ದು, ಸಿಗದೇ ಇದ್ದದ್ದು.

ಉಲ್ಲೇಖ: 1. ಮ್ಯಾನೇಜರರ ಜ್ಞಾಪನ, ದಿನಾಂಕ ಜೂನ್ 11.
2. ಅದರಲ್ಲಿ ನನ್ನ ಹೆಸರು ತಪ್ಪಾಗಿದ್ದ ಕಾರಣ ಅದೇ ದಿನ ಬಂದ ಎರಡನೇ ಜ್ಞಾಪನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಯಂತ್ರ ಚಿನ್ನದ ಬಣ್ಣದ ಮುಖದ್ದು, ಅಂಗೈಯಷ್ಟಗಲದ್ದು. ಅದರಲ್ಲಿ 'ಸಮ' (=) ಎಂಬ ಗುಂಡಿ ಇಲ್ಲ. ಆದ್ದರಿಂದ ಹೊಸಬರಿಗೆ ಅದು ಒಗ್ಗುವುದಿಲ್ಲ. ನನಗೆ ಒಗ್ಗಿ ಇಪ್ಪತ್ನಾಲ್ಕು ವರ್ಷವಾಯಿತು.

2. ಹೊಸ ಮ್ಯಾನೇಜರರಾದ ಶ್ರೀ ಕ್ಲೌದೆನೋರ್ ಅವರು ಜೂನ್ 3ರಂದು ಸಂತ ಜೋವಾನರ ಹಬ್ಬದ ಮಾರಾಟಕ್ಕಾಗಿ ಮಳಿಗೆಯ ಬಾಗಿಲಿಗೆ ಹಾಳೆ ಅಂಟಿಸಿದರು: "ಹತ್ತು ಕಂತು, ಬಡ್ಡಿ ಸೊನ್ನೆ!" ಫ್ರೀಜರಿನ ನಗದು ಬೆಲೆ ಎರಡು ಸಾವಿರ ರಿಯಾಲ್. ಕಂತಿನಲ್ಲಿ ತಿಂಗಳಿಗೆ ಇನ್ನೂರ ಅರವತ್ತರಂತೆ ಹತ್ತು ತಿಂಗಳು. ಆ ಸೊನ್ನೆಯನ್ನು ಗಿರಾಕಿಗಳಿಗೆ ಯಂತ್ರದಲ್ಲೇ ತೋರಿಸಬೇಕೆಂಬುದು ಅವರ ಆಸೆ. ಆ ಕಾರಣ ಅವರೇ ಗುಂಡಿ ಒತ್ತಿದರು. ಪರದೆಯ ಮೇಲೆ "ಎರರ್ 5" ಎಂದು ಬಂತು.

"ದೋನಾ ಜೆನಿವಾಲ್ದಾ! ನಿಮ್ಮ ಡಬ್ಬಿ ಕೆಟ್ಟುಹೋಗಿದೆ."

"ಕೆಟ್ಟಿಲ್ಲ ಸಾರ್. ಎರಡೂ ಕಡೆ ದುಡ್ಡು ಬರೋ ಹಾಗೆ ಹಾಕಿದ್ದೀರಿ. ಒಬ್ಬರು ಕೊಡ್ಬೇಕು, ಒಬ್ಬರು ತಗೋಬೇಕು. ಕೊಡೋ ಕಡೆ ಮೈನಸ್ ಹಾಕಿ."

"ನಮ್ಮ ಅಂಗಡೀಲಿ ಯಾರಿಗೂ ಮೈನಸ್ ಆಗಲ್ಲ ಕಣ್ರೀ! ಅದೇ ನಮ್ಮ ಜಾಹೀರಾತು!"

3. ಮೈನಸ್ ಹಾಕಿ ಒತ್ತಿದೆ. ತಿಂಗಳಿಗೆ ನೂರಕ್ಕೆ 5,08 ಬಡ್ಡಿ ಎಂದು ತೋರಿಸಿತು. ಮ್ಯಾನೇಜರರು ಯಂತ್ರವನ್ನು ಮೇಜಿಗೆ ಎರಡು ಸಲ ಕುಟ್ಟಿದರು. ಯಂತ್ರ 5,08ರಲ್ಲೇ ನಿಂತಿತು.

4. ತದನಂತರ ಅವರು ಬ್ಯಾಟರಿ ಕಿತ್ತು, ಊದಿ, ಮತ್ತೆ ಹಾಕಿದರು. ಆ ಕಾರಣ ಯಂತ್ರ ತನ್ನ ನೆನಪನ್ನೆಲ್ಲ ಕಳೆದುಕೊಂಡು, ನಾವು ದಶಾಂಶಕ್ಕೆ ಬಳಸುವ ಅಲ್ಪವಿರಾಮ ಇರಬೇಕಾದಲ್ಲಿ ಚುಕ್ಕಿಯನ್ನೂ ಸಾವಿರಕ್ಕೆ ಬಳಸುವ ಚುಕ್ಕಿ ಇರಬೇಕಾದಲ್ಲಿ ಅಲ್ಪವಿರಾಮವನ್ನೂ ತೋರಿಸತೊಡಗಿತು. ಸಾವಿರದ ಎಂಟುನೂರರ ಮಂಚ ಒಂದು ರಿಯಾಲ್ ಎಂಬತ್ತು ಸೆಂಟಾವೊದಂತೆ ಕಂಡದ್ದರಿಂದ, ಪರದೆಗೆ ಇಣುಕಿದ್ದ ಗಿರಾಕಿಯೊಬ್ಬರು ಎರಡು ರಿಯಾಲ್ ಮುಂದಿಟ್ಟು ಚಿಲ್ಲರೆ ಕೇಳಿದರು. ಚುಕ್ಕಿಯ ಗುಂಡಿ ಒತ್ತಿ ಹಿಡಿದು ಯಂತ್ರ ಚಾಲೂ ಮಾಡಿ ಅದನ್ನು ಸರಿಪಡಿಸಿದೆ. ಗಿರಾಕಿಯನ್ನು ಸರಿಪಡಿಸಲು ಅರ್ಧ ಗಂಟೆ ಹಿಡಿಯಿತು.

5. "ಇದ್ರಲ್ಲಿ ಇನ್ನೊಂದು ಥರ ಲೆಕ್ಕ ಇದೆಯಂತಲ್ಲ? ಮೊದಲ ಕಂತು ಕೊಂಡ ದಿನವೇ ಕಟ್ಟೋದು. ಅದಕ್ಕೆ ಹಾಕ್ರಿ, ಇಳಿಯುತ್ತೆ," ಎಂದರು ಮ್ಯಾನೇಜರರು.

"ಏರುತ್ತೆ ಸಾರ್."

"ಹಾಕ್ರಿ ಅಂದೆ!"

ಹಾಕಿದೆ. 6,37 ಬಂತು.

6. ಯಂತ್ರವು ಮಣಿಯದ ಕಾರಣ ಮ್ಯಾನೇಜರರು ಬೆಲೆಯನ್ನು ಮಣಿಸಿದರು. ಜೂನ್ 9ರಂದು ಎಲ್ಲ ಫ್ರೀಜರುಗಳ ನಗದು ಬೆಲೆ ಎರಡು ಸಾವಿರದ ಆರುನೂರಾಯಿತು. ಈಗ ಒತ್ತಿದರೆ ಬಡ್ಡಿ ಸೊನ್ನೆ. "ನೋಡಿದ್ರಾ, ಹುಷಾರಾಯ್ತು!" ಎಂದು ಅವರು ಯಂತ್ರದ ಬೆನ್ನು ತಟ್ಟಿದರು.

7. ಜೂನ್ 10ರಂದು ದೋನಾ ಕ್ರೆಮಿಲ್ದಾ ಬಂದರು. ಇವರು ನಮ್ಮ ಮಳಿಗೆಯ ಎದುರಿನ ಸಂತೆಯಲ್ಲಿ ಮಾವು, ಉಂಬು ಹಣ್ಣಿನ ರಸವನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಹೆಪ್ಪುಗಟ್ಟಿಸಿ ಮಾರುವವರು. ಹಳೆಯ ಫ್ರೀಜರ್ ಸತ್ತು, ನೆರೆಯವರ ಮೂರು ಮನೆಗಳಲ್ಲಿ ರಸ ಇಟ್ಟು ಬೈಸಿಕೊಳ್ಳುತ್ತಿದ್ದರು. ಹಿಂದಿನ ವಾರ ಎರಡು ಸಾವಿರದ ಫ್ರೀಜರನ್ನು ತಮ್ಮ ಹೆಸರಿಗೆ ಕಾದಿರಿಸಿ, ನನ್ನಿಂದ ಚೀಟಿ ಬರೆಸಿಕೊಂಡು ಹೋಗಿದ್ದರು. ಈಗ ಹಾಲಿನ ಪುಡಿಯ ಡಬ್ಬಿಯಲ್ಲಿ ಸರಿಯಾಗಿ ಎರಡು ಸಾವಿರ ತಂದಿದ್ದರು.

ಹೊಸ ಬೆಲೆಯ ಚೀಟಿ ನೋಡಿ ಅವರು ಡಬ್ಬಿಯ ಮುಚ್ಚಳ ಮುಚ್ಚಿದರು. ಜಗಳವಾಡಲಿಲ್ಲ. ಇದು ನನಗೆ ಹೆಚ್ಚು ಕಷ್ಟವಾಯಿತು.

"ಬಡ್ಡಿ ಇಲ್ಲದ ಹಾಗೆ ಮಾಡಿದ್ದೀವಮ್ಮ!" ಎಂದರು ಮ್ಯಾನೇಜರರು.

"ನಾನು ಕಂತೇ ಕೇಳಿಲ್ವಲ್ಲಪ್ಪ. ನಂಗೆ ಯಾವ ಬಡ್ಡಿ ಬಿಟ್ರಿ?" ಎಂದರು ದೋನಾ ಕ್ರೆಮಿಲ್ದಾ. ಆಮೇಲೆ ನನ್ನ ಕಡೆ ತಿರುಗಿ, "ಮಗಳೇ, ನೀನು ಬರೆದ ಚೀಟಿಗೆ ಬೆಲೆ ಇದೆಯೋ ಇಲ್ವೋ, ಅಷ್ಟು ಹೇಳು. ಮನೆಗೆ ಹೋಗ್ತೀನಿ," ಎಂದರು.

ಚೀಟಿಯನ್ನು ಇಸಿದುಕೊಂಡು ಓದಿದೆ. ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ. ಚೀಟಿಯ ಕೆಳಗೆ ಮಳಿಗೆಯ ಮುದ್ರೆ ಇತ್ತು, ನನ್ನ ಸಹಿ ಇತ್ತು, "ಏಳು ದಿನ ಸಿಂಧು" ಎಂದಿತ್ತು. ಅದು ಆರನೇ ದಿನ. ಎರಡು ಸಾವಿರಕ್ಕೆ ರಸೀತಿ ಹರಿದುಕೊಟ್ಟು, ಫ್ರೀಜರನ್ನು ಕೈಗಾಡಿಗೆ ಹೇರಿಸಿದೆ.

8. ಕೊರತೆ ಬಿದ್ದ ಆರುನೂರಕ್ಕೆ ತಮ್ಮ ಕಚೇರಿಗೆ ಕಾರಣ ತೋರಿಸಬೇಕಾದ್ದರಿಂದ ಉಲ್ಲೇಖಿತ ಜ್ಞಾಪನಗಳು ಹೊರಟವು. ಯಂತ್ರ ಕೆಟ್ಟಿದ್ದರಿಂದ ತಪ್ಪು ಬೆಲೆಗೆ ಮಾರಾಟವಾಯಿತೆಂದು ನಾನು ಬರೆದುಕೊಡಬೇಕು. ಕೊಡುವವರೆಗೆ "ಗುಮಾಸ್ತೆ ಮತ್ತು ಯಂತ್ರ ಇಬ್ಬರನ್ನೂ" ಸೇವೆಯಿಂದ ಅಮಾನತಿನಲ್ಲಿಡಲಾಗಿದೆ. "ಒಂದು ಸಾಲು ಬರೀರಿ ದೋನಾ, ಯಂತ್ರಕ್ಕೇನು ಮರ್ಯಾದೆ ಹೋಗುತ್ತಾ?" ಎಂದು ಮ್ಯಾನೇಜರರು ಮೆತ್ತಗೆ ಹೇಳಿದ್ದೂ ನಿಜ. ಬರೆಯಲು ಕುಳಿತೆ. ಮೊದಲು ಯಂತ್ರದ ಸ್ವಯಂಪರೀಕ್ಷೆ ಮಾಡಿದೆ. ದೋಷವಿಲ್ಲವೆಂಬ ಗುರುತಾಗಿ ಎಲ್ಲ ಎಂಟುಗಳೂ ಸಾಲಾಗಿ ಬಂದವು. ಬರೆಯಲಾಗಲಿಲ್ಲ.

9. ಇಬ್ಬರಿಗೂ ಕೆಲಸವಿಲ್ಲದ ಕಾರಣ ನಾನು ಮತ್ತು ಯಂತ್ರ ದೋನಾ ಕ್ರೆಮಿಲ್ದಾ ಅವರ ಅಂಗಡಿಯಲ್ಲಿ ಕುಳಿತೆವು. ಮೊದಲ ದಿನ ಪಕ್ಕದ ಚಪ್ಪಲಿಯವನು ತನ್ನ ಟಿವಿಯ ಕಂತಿನ ಪುಸ್ತಕ ತಂದ. "ಸೊನ್ನೆ ಅಂದಿದ್ರು, ನೋಡಕ್ಕಾ." ನೋಡಿದೆ. ಹೇಳಿದೆ. ಅವನು ಬೈದ ಬೈಗುಳವನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ. ಮಾರನೆಯ ದಿನ ಹನ್ನೊಂದು ಜನ. ವಾರ ಕಳೆಯುವುದರಲ್ಲಿ ಸಾಲು ರಸ್ತೆ ದಾಟಿ ನಮ್ಮದೇ ಮಳಿಗೆಯ ಬಾಗಿಲು ಮುಟ್ಟಿತು. ಒಳಗೆ ಹೋಗುವವರು ಸಾಲಿನಲ್ಲಿದ್ದವರನ್ನು ಕೇಳಿ ವಾಪಸಾದರು. ಉಂಬು ರಸ ಮಧ್ಯಾಹ್ನಕ್ಕೇ ಖಾಲಿ.

10. ಕಳೆದ ಶನಿವಾರ ಸಾಲಿನಲ್ಲಿ ಟೋಪಿ ಕಣ್ಣಿಗೆಳೆದುಕೊಂಡು ನಿಂತಿದ್ದವರು ಶ್ರೀ ಕ್ಲೌದೆನೋರ್. ಅವರ ಕೈಯಲ್ಲಿ ಅವರ ಕಾರಿನ ಕಂತಿನ ಪುಸ್ತಕವಿತ್ತು.

"ಇದು ನಿಜವಾಗ್ಲೂ ಸೊನ್ನೆ ದೋನಾ. ಮಾರಿದವನು ನನ್ನ ಗೆಳೆಯ. ಸುಮ್ನೆ ಒಂದ್ಸಲ ಒತ್ತಿ ನೋಡಿ."

ಒತ್ತಿದೆ. ಅವರು ಪರದೆ ನೋಡಿದರು. ಮತ್ತೊಮ್ಮೆ ಒತ್ತಲು ಹೇಳಿದರು. ಮತ್ತೊಮ್ಮೆ ಒತ್ತಿದೆ. ಅವರು ಹಣ್ಣಿನ ಖಾಲಿ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ದೋನಾ ಕ್ರೆಮಿಲ್ದಾ ಮ್ಯಾನೇಜರರ ಕೈಗೆ ಮಾವಿನ ರಸದ ಕೊಳವೆಯೊಂದನ್ನು ಇಟ್ಟು, "ಚೀಪಪ್ಪ, ಬಿಸಿಲು. ದುಡ್ಡು ಬೇಡ," ಎಂದರು. ಯಂತ್ರ ಕೆಟ್ಟಿದೆ ಎಂದು ಅವರು ಆ ದಿನ ಹೇಳಲಿಲ್ಲ. ಜ್ಞಾಪನವನ್ನು ಹಿಂಪಡೆಯಲೂ ಇಲ್ಲ.

ಆದ್ದರಿಂದ, ಅಮಾನತಿನ ಬಗ್ಗೆ ತಾವು ಯಾವಾಗ ತೀರ್ಮಾನಿಸಿದರೂ ನನ್ನ ಅಭ್ಯಂತರವಿಲ್ಲ, ಅವಸರವೂ ಇಲ್ಲ. ಆದರೆ ನಿನ್ನೆಯಿಂದ ಪರದೆಯ ಮೂಲೆಯಲ್ಲಿ ಬ್ಯಾಟರಿ ತೀರುತ್ತಿದೆಯೆಂಬ ಸಣ್ಣ ನಕ್ಷತ್ರವೊಂದು ಮಿನುಗುತ್ತಿದ್ದು, ಇದು ಇಪ್ಪತ್ತು ದಿನಗಳ ತಪಾಸಣೆಯಲ್ಲಿ ಸಿಕ್ಕ ಏಕೈಕ ದೋಷವಾಗಿರುತ್ತದೆ. ಸಾಲಿನಲ್ಲಿ ಇನ್ನೂ ಎಂಬತ್ತಮೂರು ಮಂದಿ ಇರುವ ಕಾರಣ, ಮೂರು ಗುಂಡಿ ಬ್ಯಾಟರಿಗಳನ್ನು ಮರುಟಪಾಲಿನಲ್ಲಿ ಕಂಪನಿಯ ಖರ್ಚಿನಲ್ಲಿ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ.

ಇಂತಿ, ಅಮಾನತಿನಲ್ಲಿಯೂ ತಮ್ಮ ವಿಶ್ವಾಸಿ,
ಜೆನಿವಾಲ್ದಾ ತೆನೋರಿಯೊ
ಕರುಆರು, ಜೂನ್ 30

ಅಡಕಗಳು:
1. ಏಳು ದಿನದ ಚೀಟಿಯ ಪ್ರತಿ, ಮುದ್ರೆ ಸಹಿತ.
2. ಜ್ಞಾಪನಗಳು, ಎರಡು. (ಎರಡನೆಯದರಲ್ಲೂ ಹೆಸರು ತಪ್ಪಾಗಿದೆ.)
3. ಹಳೆಯ ಬ್ಯಾಟರಿಗಳನ್ನು ಲಗತ್ತಿಸಿಲ್ಲ, ಬಳಕೆಯಲ್ಲಿವೆ.

ವಿಳಾಸದ ಸೂಚನೆ: ಬ್ಯಾಟರಿಗಳನ್ನು ಮಳಿಗೆಗೆ ಕಳುಹಿಸುವುದು ಬೇಡ. ರಸ್ತೆಯ ಈ ಬದಿಗೆ ಕಳುಹಿಸಿ.